ಶನಿವಾರದ ಕಾಡಿನ ಪಾಠ

ಕಾಡು, ಕೆರೆ ಉಳಿಸಿ ಎಂದು ದೊಡ್ಡವರಿಗೆ ಹೇಳಿದರೆ ತಲೆಯಾಡಿಸಿ ಮರೆತುಬಿಡುತ್ತಾರೆ. ಮಕ್ಕಳಿಗೆ ಹೇಳಿದರೆ ಹೇಳಿದಂತೆಯೇ ಮಾಡಿಬಿಡುತ್ತಾರೆ. ಇದರಲ್ಲಿ ಯಾವುದು ಹೆಚ್ಚು ಅಪಾಯ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನು ರದ್ದಿ ಅಂಗಡಿಯ ಪುಸ್ತಕಗಳಿಂದ ಕಲಿತೆ. ಬಂಡೆ ಒಡೆಯುವವರ ವಿರುದ್ಧ ರಾಮನಗರ, ಕನಕಪುರ, ಮಾಗಡಿಯ ಕಚೇರಿಗಳ ಮುಂದೆ ಕೂಗಿದ್ದೇ ಕೂಗಿದ್ದು. ಬಂಡೆಗಳೂ ಹೋದವು, ನನ್ನ ಗಂಟಲೂ ಹೋಯಿತು. ಕೊನೆಗೆ ಚನ್ನಪಟ್ಟಣದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಕಾಡಿ ಬೇಡಿ ಶನಿವಾರ ಒಂದು ಗಂಟೆ ಗಿಟ್ಟಿಸಿದೆ. ಹೆಡ್‌ಮಿಸ್ಸು ಮೊದಲೇ ಎಚ್ಚರಿಸಿದ್ದರು: "ಊರಿನವರು ದೂರು ತಂದರೆ ಕ್ಲಾಸು ಬಂದ್ ಮಾಡ್ಬೇಕಾಗ್ತದೆ." ಯಾವ ಸಾಹೇಬನೂ ಕೊಡದ ಕಿವಿಯನ್ನು ಆ ಮಕ್ಕಳು ಕೊಡುತ್ತಿದ್ದರು. ಆ ಒಂದು ಗಂಟೆ ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ.

ಆನೆ ಆಟ

ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆದೆ. ಅದು ಕಾಡು. ಮಕ್ಕಳೆಲ್ಲ ಆನೆಗಳು. ನಾನು ಸೀಟಿ ಊದಿದಾಗಲೆಲ್ಲ ಕಾಡು ಚಿಕ್ಕದಾಗುತ್ತದೆ. "ಕಾಡು ಸಾಲದೆ ಹೋದಾಗ ಆನೆ ಏನು ಮಾಡುತ್ತೆ? ಮಾಡಿ ತೋರಿಸಿ" ಎಂದೆ. ಅಳುಮೋರೆ ಹಾಕಿಕೊಂಡು ಒತ್ತೊತ್ತಾಗಿ ನಿಲ್ಲುತ್ತಾರೆ, ಆಗ ಭಾಷಣ ಬಿಗಿಯೋಣ ಎಂದುಕೊಂಡಿದ್ದೆ. ಆದರೆ ಇವರು ಮನೆಯ ಹಿತ್ತಲಲ್ಲೇ ಆನೆ ನೋಡಿದ ಮಕ್ಕಳು. ಸಾಲಾಗಿ ಹೊರಟು ಬಿಸಿಯೂಟದ ಅಡುಗೆಮನೆಗೆ ನುಗ್ಗಿ, ಬುಟ್ಟಿಯಲ್ಲಿದ್ದ ಬಾಳೆಹಣ್ಣನ್ನೆಲ್ಲ ಮುಗಿಸಿದರು.

ಅಡುಗೆಯಮ್ಮ ಸೌಟು ಹಿಡಿದೇ ಬಂದರು. "ಇವು ಆನೆಗಳು ಅಂತ ನೀವೇ ಏಳ್ತಿದ್ದೀರಲ್ಲ ಮೇಷ್ಟ್ರೇ, ಬೆಳೆ ಪರಿಹಾರದ ಅರ್ಜಿ ಎಲ್ಲಿ ಕೊಡ್ಲಿ? ಫಾರೆಸ್ಟ್ ಆಪೀಸಿಗೋ, ನಿಮಗೋ?"

ರಣಹದ್ದಿನ ಪುಸ್ತಕ

ದನಕ್ಕೆ ಚುಚ್ಚುವ ಕೆಲವು ನೋವಿನ ಮದ್ದುಗಳು, ಆ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದನ್ನು ಕೊಲ್ಲುತ್ತವೆ. ಚಿತ್ರದ ಪುಸ್ತಕ ತೋರಿಸಿ ಇದನ್ನು ಹೇಳಿದೆ. ಮುಂದಿನ ವಾರ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ನಮ್ಮೆಮ್ಮೆ ಒಸಿ ಕುಂಟ್ತಿತ್ತು. ಡಾಕ್ಟ್ರು ಸೂಜಿ ತಗುದ್ರೆ ನಮ್ಮ ಮೊಮ್ಮಗ ಅಡ್ಡ ನಿಂತ್ಕಂಡವ್ನೆ. ಬ್ಯಾಡಿ, ಇದು ಸತ್ತ ಮ್ಯಾಲೆ ತಿನ್ನೋರಿಗೆ ಒಗ್ಗಲ್ಲ ಅಂತಾನೆ! ಎಮ್ಮೆ ಇನ್ನೂ ಬದುಕೈತೆ ಕಣಯ್ಯಾ, ಎರಡೊತ್ತೂ ಹಾಲು ಕೊಡ್ತೈತೆ!"

ಹದ್ದಿಗೂ ಬದುಕುವ ಹಕ್ಕಿದೆ ಎಂದು ವಾದಿಸಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಹೊರಟರು. "ಐತೆ, ಇಲ್ಲ ಅಂದೋರ್ಯಾರು? ಒಸಿ ಕಾಯಕ್ಕೇಳು ನಿನ್ನ ಹದ್ದಿಗೆ."

ಗೂಡು

ಪತಂಗಗಳನ್ನು ಕೊಲ್ಲಬಾರದು ಎಂದು ಪಾಠ ಮಾಡಿದೆ. ಅದೂ ಮನೆಮನೆಯಲ್ಲಿ ರೇಷ್ಮೆ ಹುಳ ಸಾಕಿ, ಪತಂಗ ಹೊರಬರುವ ಮೊದಲೇ ಗೂಡು ಮಾರುವ ಊರಿನಲ್ಲಿ! ಸೋಮವಾರ ಬೆಳಗ್ಗೆಯೇ ಒಬ್ಬ ಹುಡುಗಿಯ ಅಪ್ಪ ನನ್ನ ಮನೆಗೆ ಓಡಿಬಂದ.

"ಸಾರ್, ನಮ್ಮನೆ ಹುಳ ಕಾಡುಪ್ರಾಣಿನೋ, ಸಾಕುಪ್ರಾಣಿನೋ? ನೀವು ಉತ್ತರ ಏಳೋಗಂಟ ಗೂಡು ಬಿಡಿಸಕ್ಕೆ ಬಿಡಲ್ಲ ಅಂತ ಮಗಳು ಹುಳ ಗೂಡು ಕಟ್ಟಿರೋ ಚಂದ್ರಿಕೆ ತಟ್ಟೆ ತಬ್ಕಂಡು ಕುಂತವ್ಳೆ."

ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಯೋಚನೆ ಮಾಡಿ ಹೇಳುತ್ತೇನೆ ಎಂದೆ.

"ಬೇಗ ಯೋಚ್ನೆ ಮಾಡಿ ಸಾರ್, ರಾಮನಗರದ ಗೂಡಿನ ಮಾರ್ಕೆಟ್ಟಿಗೋಗೋ ಟೆಂಪೋ ಕಾಯ್ತೈತೆ."

ಅಂಕಪಟ್ಟಿ

ದೂರುಗಳು ರಾಶಿಯಾದವು. ಕ್ಲಾಸು ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಶಾಲಾ ಸಮಿತಿ ಸೇರಿತು. ನಾನು ಎದ್ದು ನಿಂತು ಮೇಜು ಗುದ್ದಿದೆ. "ಈ ಊರು ಹಾಳಾಗಿರೋದು ನನ್ನ ಪಾಠದಿಂದಲ್ಲ, ನಿಮ್ಮಿಂದ! ಬೇಕಾದರೆ ಮಕ್ಕಳನ್ನೇ ಕೇಳಿ."

ಮಕ್ಕಳಿಗೆ ಒಂದು ಆಟ ಕೊಟ್ಟಿದ್ದೆ. ಊರಿನಲ್ಲಿ ಮರಕ್ಕೆ, ಕೆರೆಗೆ ಯಾರು ಏನು ತೊಂದರೆ ಕೊಟ್ಟರೂ ಬರೆದಿಡಬೇಕು, ಒಂದು ತೊಂದರೆಗೆ ಒಂದು ಅಂಕ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳು.

"ಕೆರೇಲಿ ಟ್ರ್ಯಾಕ್ಟರ್ ತೊಳೆದಿದ್ದು, ಅಧ್ಯಕ್ಷರು, ನಾಲ್ಕು."

ಸಮಿತಿ ಅಧ್ಯಕ್ಷರು ಕೆಮ್ಮಿದರು. ನಾನು ಮೀಸೆ ತಿರುವಿದೆ.

"ಎಲೆ ಗುಡ್ಡೆಗೆ ಬೆಂಕಿ ಹಾಕ್ಸಿದ್ದು, ಹೆಡ್‌ಮಿಸ್ಸು, ಎರಡು. ಮೊದಲನೇ ಸ್ಥಾನ..." ಹುಡುಗಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಓದಮ್ಮ! ಎಷ್ಟೇ ದೊಡ್ಡ ಮನುಷ್ಯ ಆದರೂ ಹೆದರಬೇಡ!"

"ಮೊದಲನೇ ಸ್ಥಾನ, ಮರಗಳಿಗೆ ಮೊಳೆ ಹೊಡೆದಿದ್ದು, ಮೂವತ್ತೇಳು. ‘ಮರ ಉಳಿಸಿ’ ಅನ್ನೋ ಬೋರ್ಡು. ನೀವೇ ಸಾರ್."

ನಾನು ಮೆಲ್ಲಗೆ ಕುಳಿತೆ. ಅಧ್ಯಕ್ಷರು ನಕ್ಕೂ ನಕ್ಕೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೆಡ್‌ಮಿಸ್ಸಿನ ಕಡೆ ತಿರುಗಿದರು.

"ಕ್ಲಾಸು ನಿಲ್ಲಿಸ್ಬ್ಯಾಡಿ ಕಣಮ್ಮ, ನಡೀಲಿ. ಹುಡುಗ್ರು ಕಲ್ತವ್ರೆ, ಇವ್ರದಿನ್ನೂ ಬಾಕಿ ಐತೆ."