ಹೊಲಿಗೆ ಹಾಕಿದ ಹನ್ನೊಂದನೆಯ ದಿನ

ಬೆಳಿಗ್ಗೆ ಹಾಲು ಕಾಯಿಸಿದೆ, ಗುಳಿಗೆ ನುಂಗಿದೆ, ಅಂಗಳದಲ್ಲಿ ಹತ್ತು ಸುತ್ತು ನಡೆದೆ, ಜ್ವರ ನೋಡಿಕೊಂಡೆ, ಗಾಯ ನೋಡಿಕೊಂಡೆ, ಎರಡನ್ನೂ ವಹಿಯಲ್ಲಿ ಬರೆದೆ. ಮತ್ತೆ ಗಾಯ ನೋಡಿಕೊಂಡೆ. ಹೆಂಡತಿ ತೀರಿಕೊಂಡ ಮೇಲೆ ಮೂಡಲಗಿಯ ಈ ಮನೆಯಲ್ಲಿ ನಾನೊಬ್ಬನೇ. ಈಗ ಜೊತೆಗೆ ಹೊಟ್ಟೆಯ ಮೇಲೊಂದು ಗೇಣುದ್ದದ ಹೊಲಿಗೆ.

ಕರುಳಿನ ತುಂಡು ತೆಗೆದ ಗೋಕಾಕದ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ್ದರು: "ಇಷ್ಟ ದೊಡ್ಡ ಆಪರೇಷನ್ ಅಂದ್ರ ಮೈಗೆ ಪೆಟ್ಟರಿ. ಒತ್ತಡದ ಹಾರ್ಮೋನ್ ಏರ್ತಾವು, ರೋಗದ ಕೂಡ ಬಡದಾಡೋ ಶಕ್ತಿ ಇಳೀತೈತಿ. ನೀವು ಚಿಂತಿ ಮಾಡಿ ಮತ್ತಷ್ಟು ಏರಿಸಬ್ಯಾಡ್ರಿ. ಮಂದೀನೂ ಕಡಿಮಿ ಇರ್ಲಿ."

ಅಂದಿನಿಂದ ನನಗೆ ಒಂದೇ ಚಿಂತೆ, ಎಲ್ಲಿ ಚಿಂತೆ ಮಾಡಿಬಿಡುತ್ತೇನೋ ಎಂದು. ಹೊಲಿಗೆಯ ಸುತ್ತ ಕೆಂಪಾಗಿದೆ. ನಾಳೆ ತೋರಿಸಬೇಕು, ಒಳಗೆ ಕೀವಾಗಿದ್ದರೆ ಮತ್ತೆ ಬಿಚ್ಚುತ್ತಾರಂತೆ. ಅದನ್ನು ನೆನೆದು ಎದೆ ಹೊಡೆದುಕೊಳ್ಳುತ್ತದೆ; ಹೊಡೆದುಕೊಂಡಿತಲ್ಲ, ಹಾರ್ಮೋನು ಏರಿತು ಎಂದು ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ.

ನಮ್ಮಲ್ಲಿ ಬೇನೆ ಬಿದ್ದವರನ್ನು ಮಾತಾಡಿಸಲು ಬರುವವರು ಬಾಳೆಹಣ್ಣಿನ ಜೊತೆ ಇದೇ ಆಪರೇಷನ್ನಿನಲ್ಲಿ ಸತ್ತವರ ಕಥೆಯನ್ನೂ ತರುತ್ತಾರೆ. ಅದಕ್ಕೇ ಬಾಗಿಲಿಗೆ "ಡಾಕ್ಟರ ಅಪ್ಪಣೆ: ಯಾರೂ ಬರಬಾರದು" ಎಂದು ಬರೆದು ಅಂಟಿಸಿದ್ದೆ. ಜನ ಇಷ್ಟು ಮಾತು ಕೇಳುವವರೆಂದು ಗೊತ್ತಿರಲಿಲ್ಲ. ಆರು ದಿನ ಯಾರೂ ಬರಲಿಲ್ಲ. ಸತ್ತವರ ಕಥೆಯಾದರೂ ಕೇಳಬೇಕೆನಿಸಿತು.

ಮಧ್ಯಾಹ್ನ ಬಾಗಿಲಲ್ಲಿ ಅಕ್ಕ, ಹುಕ್ಕೇರಿಯಿಂದ, ಬಗಲಲ್ಲಿ ಬುತ್ತಿ.

"ಓದಲಿಲ್ಲೇನ ಅಕ್ಕಾ? ಬರಬ್ಯಾಡ ಅಂತ ಫೋನಿನ್ಯಾಗೂ ಹೇಳಿದ್ದೆ. ನೀ ಅತ್ತರ ನನ್ನ ಹಾರ್ಮೋನ್—"

"ನಿನ್ನ ಹಾರ್ಮೋನ್ ಹೊರಗ ನಿಂದರ್ಲಿ. ನಾ ಒಳಗ ಬರ್ತೇನಿ."

ಅವಳು ಅಳಲಿಲ್ಲ. ವಹಿ ತಿರುವಿದಳು. ಒಂದೇ ದಿನದಲ್ಲಿ ಹದಿನಾಲ್ಕು ಸಲ ಗಾಯ ನೋಡಿದ್ದೆ.

"ಖೋಡಿ, ತಾಸಿಗೊಮ್ಮೆ ಅರಿವಿ ಎತ್ತಿ ನೋಡಿದ್ರ ಅದಾದ್ರೂ ನಾಚಿ ಕೆಂಪಾಗದ ಏನ್ ಮಾಡ್ತೈತಿ?"

ನಕ್ಕೆ. ಹೊಲಿಗೆ ಹಿಡಿದು ನೋಯಿತು. ತಲೆದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮತ್ತೂ ನಕ್ಕೆ. ಆಸ್ಪತ್ರೆಗೆ ಹೋದಂದಿನಿಂದ ಇದೇ ಮೊದಲು.

"ನಾಳೆ ಡಾಕ್ಟರ್ ಮತ್ತ ಬಿಚ್ಚತೇನಿ ಅಂದ್ರ?"

"ಬಿಚ್ಚಲಿ. ನಾ ಬಾಜೂ ಕುಂದರ್ತೇನಿ."

ಅವಳು ನನ್ನೆದುರೇ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡಳು. ನನಗೆ ಮೆತ್ತನೆಯ ಅನ್ನ, ಮಜ್ಜಿಗೆ. ಕಾಯಲು ಬಂದವಳೇ ಮೊದಲು ಮಲಗಿ ಗೊರಕೆ ತೆಗೆದಳು. ಮೂರಕ್ಕೆ ಜ್ವರ ನೋಡಬೇಕಿತ್ತು. ಥರ್ಮಾಮೀಟರು, ವಹಿ ಎರಡೂ ಅವಳ ತಲೆಯ ಕೆಳಗಿದ್ದವು. ಎಳೆದರೆ ಎದ್ದಾಳೆಂದು ಸುಮ್ಮನಾದೆ. ಮೂರರ ಸಾಲು ಖಾಲಿ ಉಳಿಯಿತು; ಆ ಹೊತ್ತಿಗೆ ನನಗೂ ನಿದ್ದೆ ಬಂದಿತ್ತು.