ಕಷ್ಟದ ಪ್ರಶ್ನೆಗೆ ಒಂದು ತಂಬಿಗೆ ನೀರು

ನಿಜಾಮನ ಕಾಲದಲ್ಲಿ ಲಿಂಗಸುಗೂರಿನ ತಹಶೀಲ್ ಕಚೇರಿಯ ಬಾವಿ ಒಮ್ಮೆ ಬತ್ತಿಹೋಯಿತಂತೆ. ಊರವರು ಬಿಸಿಲನ್ನು ಬೈದರು. ಪಾಪ, ಬಿಸಿಲಿನ ತಪ್ಪೇನಿತ್ತು? ಆ ಬಾವಿಯನ್ನು ಕುಡಿದು ಮುಗಿಸಿದವನು ನನ್ನ ಸೋದರಮಾವ!

ಮಾವನಿಗೆ ಬಾಯಾರಿಕೆಯ ರೋಗವಿತ್ತೆಂದು ತಿಳಿಯಬೇಡಿ. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ ಮಾತ್ರ ಅವನು "ಒಂದ್ ತಂಬಿಗಿ ನೀರು ಕೊಡ್ರಿ" ಅನ್ನುತ್ತಿದ್ದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ. ಮಾತು, ಜಗಳ ಎಲ್ಲ ಆಮೇಲೆ. ಕೇಳಿದವನಿಗೆ ಇಲ್ಲ ಅನ್ನುವುದುಂಟೇ? ಮಸ್ಕಿಯ ಶಾಲೆಯಲ್ಲಿ ಮೌಲ್ವಿ ಸಾಹೇಬರು ಮಗ್ಗಿ ಕೇಳಿದಾಗ ಹತ್ತಿದ ಚಟವಂತೆ ಇದು. ಅವನು ನೀರು ಕುಡಿದು ಬರುವಷ್ಟರಲ್ಲಿ ಪ್ರಶ್ನೆ ಪಕ್ಕದವನ ಹೆಗಲೇರಿರುತ್ತಿತ್ತು.

ಇದಕ್ಕೊಂದು ಸಿದ್ಧಾಂತವನ್ನೂ ಕಟ್ಟಿಕೊಂಡಿದ್ದ. "ಪ್ರಶ್ನಿ ಅಂದ್ರ ಒಲಿ ಮ್ಯಾಲಿನ ಹಾಲಿದ್ದಂಗ ಅಕ್ಕಾ. ಉಕ್ಕಿ ಬಂದಾಗ ಚೂರು ನೀರು ಚಿಮುಕಿಸಿದ್ರ ತಾನ ಇಳಿತೈತಿ."

ನನ್ನ ಅವ್ವ ಬಿಡುವವಳೇ? "ಹಾಲು ಉಕ್ಕೋದು ಅವರ ಒಲಿ ಮ್ಯಾಲ. ನೀರು ಹೋಗೋದು ನಿನ್ನ ಹೊಟ್ಟಿಗಿ. ಅದ್ಹೆಂಗ ಇಳಿತೈತೋ?"

"ಒಂದ್ ತಂಬಿಗಿ ನೀರು ಕೊಡಕ್ಕಾ" ಅಂದ ಮಾವ.

ಇಂಥವನ ಮನಸ್ಸು ಗುರುಗುಂಟಾದ ಹುಡುಗಿಯೊಬ್ಬಳ ಮೇಲೆ ಹೋಯಿತು. ಒಂದು ಮದುವೆಯಲ್ಲಿ ಕಂಡಿದ್ದನಂತೆ. ಆಕೆಯ ವಿನಾ ಬೇರೆ ಯಾರೂ ಬೇಡವೆಂದು ಕೂತುಬಿಟ್ಟ. ಹುಡುಗಿಯ ಅಪ್ಪ ಖಡಾಖಂಡಿತ ಹೇಳಿದ: "ಸರ್ಕಾರಿ ನೌಕರಿ ಹಿಡದು ಬಾ, ಕೊಡ್ತೀನಿ. ಇಲ್ಲಂದ್ರ ಸಾಲಗುಂದದ ವರ ಕಾಯಾಕತ್ತಾನ."

ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತನ ಜಾಗ ಖಾಲಿ ಇತ್ತು. ಮಾವ ಸಿಂಧನೂರಿನ ಗೆಳೆಯನಿಂದ ಶೇರವಾನಿ ಕೇಳಿ ತಂದ. ಗೆಳೆಯ ಸಣಕಲ, ಮಾವ ದುಂಡಗೆ! ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು ತಹಶೀಲ್ದಾರ ಸಾಹೇಬರ ಮುಂದೆ ನಿಂತ. ಸಾಹೇಬರು ಕೇಳಿದ್ದು ಉರ್ದುವಿನಲ್ಲಿ. ಮಾವ ನಮಗೆ ಹೇಳುವಾಗ ಅದು ಮಸ್ಕಿಯ ಕನ್ನಡವಾಗುತ್ತಿತ್ತು.

"ಇಷ್ಟು ಮಂದಿ ಬಂದಾರ. ನಿಮ್ಮನ್ನ ಯಾಕ ತಗೋಬೇಕು?"

"ಹುಜೂರ್, ಒಂದ್ ತಂಬಿಗಿ ನೀರು."

ಸಾಹೇಬರು ದೊಡ್ಡ ಮನೆತನದವರು, ನೀರಿಗೆ ಇಲ್ಲ ಅನ್ನಲಿಲ್ಲ. ಚಪರಾಸಿ ತಂದುಕೊಟ್ಟ.

"ನಿಮ್ಮೊಳಗಿರೋ ಐಬು ಏನು?"

ತನ್ನ ಕೊರತೆ ತಾನೇ ಹೇಳಿಕೊಳ್ಳುವುದೆಂದರೆ! ಮತ್ತೆ ನೀರು.

"ನಿಮ್ಮ ಬೀಗರು ಬಂದು, ನಮ್ಮ ಸಲುವಾಗಿ ಒಂದು ಸುಳ್ಳು ಬರೀರಿ ಅಂದ್ರ ಏನು ಮಾಡ್ತೀರಿ?"

ಬರೆಯುತ್ತೇನೆಂದರೆ ನೌಕರಿ ಹೋಯಿತು, ಬರೆಯುವುದಿಲ್ಲವೆಂದರೆ ಬೀಗರು ಹೋದರು. ಮಾವ ಬಾಯಿ ತೆರೆಯುವ ಮೊದಲೇ ಚಪರಾಸಿ ಇಡೀ ಕೊಡವನ್ನೇ ತಂದು ಅವನ ಪಕ್ಕ ಕುಕ್ಕಿದ. ಮಾವ ಕುಡಿದ. ಶೇರವಾನಿಯ ನಡುವಿನ ಗುಂಡಿ ಪಟ್ಟೆಂದು ಹಾರಿ ಸಾಹೇಬರ ಮಸಿಕುಡಿಕೆಯೊಳಗೆ ಬಿತ್ತಂತೆ. ಅದು ನೆಲಕ್ಕೆ ಬಿತ್ತೆಂದು ಅವ್ವನ ವಾದ. ನನಗೆ ಮಸಿಕುಡಿಕೆಯೇ ಇಷ್ಟ.

ಸಾಹೇಬರು ಸಿಟ್ಟಾಗಬೇಕಿತ್ತಲ್ಲವೇ? ನಕ್ಕುಬಿಟ್ಟರು! "ಅವಸರಕ್ಕ ಬಾಯಿ ಬಿಡದಂಥ ಮನಷ್ಯಾ ಕಚೇರಿಗಿ ಬೇಕಾಗ್ಯಾನ. ನಾಳಿಂದ ಬರ್ತೀರೇನು?"

ಇದಕ್ಕಿಂತ ಸುಲಭದ ಪ್ರಶ್ನೆ ಲೋಕದಲ್ಲಿದೆಯೇ? ಆದರೆ ಅಷ್ಟೊತ್ತಿಗೆ ಕುಡಿದ ನೀರೆಲ್ಲ ಹೊರಗೆ ಹೋಗಲು ಹಟ ಹಿಡಿದಿತ್ತು. ಮಾವ ಸಲಾಮನ್ನೂ ಮಾಡದೆ ಕಚೇರಿಯ ಹಿಂದಿನ ಬೇವಿನ ಮರಕ್ಕೆ ಓಡಿದ. ಅಪ್ಪಣೆಯಿಲ್ಲದೆ ಹುಜೂರರಿಗೆ ಬೆನ್ನು ತೋರಿಸಿದರೆ ಆ ಕಾಲದಲ್ಲಿ ನೌಕರಿಯನ್ನು ಒದ್ದು ಹೋದ ಹಾಗೆ. ತಿರುಗಿ ಬಂದಾಗ ತುರ್ವಿಹಾಳದವನೊಬ್ಬ ಅದೇ ಜಾಗದಲ್ಲಿ ಬಗ್ಗಿ ಬಗ್ಗಿ ಸಲಾಂ ಹೊಡೆಯುತ್ತಿದ್ದ.

ಇನ್ನು ಗುರುಗುಂಟಾಕ್ಕೆ ಯಾವ ಮುಖ ಹೊತ್ತು ಹೋಗುವುದು? ಆದರೂ ಹೋದ. ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು.

"ನೌಕರಿ ಏನಾತು?" ಹುಡುಗಿಯ ಅಪ್ಪ ಕೇಳಿದ.

"ಒಂದ್ ತಂಬಿಗಿ ನೀರು ಕೊಡ್ರಿ."

ಹುಡುಗಿಯೇ ನೀರು, ಬೆಲ್ಲ ತಂದಳು. ಕುಡಿದ.

"ಏನಾತು ಅಂದೆ."

ಮತ್ತೆ ನೀರು, ಮತ್ತೆ ಬೆಲ್ಲ. ಮೂರನೆಯ ಸಲ ತಂಬಿಗೆ ಇಡುತ್ತ ಆಕೆ, ಅಷ್ಟು ಜನರೆದುರಿಗೆ, ಅಪ್ಪನ ಕಡೆ ತಿರುಗಿದಳು. "ಯಪ್ಪಾ, ಅವರಿಗೆ ನೌಕರಿ ಸಿಕ್ಕಿಲ್ಲ. ಬ್ಯಾರೆ ಏನರ ಕೇಳು. ನೀರು ಹೊತ್ತು ಹೊತ್ತು ನನಗ ಸಾಕಾತು!"

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಇಂಥವನ್ನ ಮಾಡ್ಕೊಂತೀಯೇನು ನೀ?"

ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಅಡುಗೆಮನೆಯತ್ತ ಮುಖ ಮಾಡಿ ಕೂಗಿದಳು: "ಯವ್ವಾ, ನನಗೂ ಒಂದ್ ತಂಬಿಗಿ ನೀರು ಕೊಡು!"

ಸಾಲಗುಂದದ ವರ ಇನ್ನೂ ಕಾಯುತ್ತಿದ್ದಾನೋ ಏನೋ! ನೌಕರಿ ಮಾವನಿಗೆ ಕೊನೆಗೂ ಸಿಗಲಿಲ್ಲ, ಹುಡುಗಿ ಸಿಕ್ಕಳು. ಮಸ್ಕಿಯಲ್ಲಿ ಜೋಳ ಬೆಳೆದುಕೊಂಡು ಅವರಿಬ್ಬರೂ ಸುಖವಾಗಿದ್ದರು. ಮಾವ ನೀರು ಕೇಳಿದರೆ ಅತ್ತೆ ತಂಬಿಗೆ ಮುಟ್ಟುವ ಮೊದಲು ನಮ್ಮೆಲ್ಲರ ಮುಖ ನೋಡುತ್ತಿದ್ದಳು: "ಯಾರು ಏನು ಕೇಳಿದ್ರಿ ಇವರನ್ನ?"

ಅತ್ತೆ ತೀರಿಕೊಂಡ ಮೇಲೆ ಅವನನ್ನು ಯಾರೂ ಕಷ್ಟದ ಪ್ರಶ್ನೆ ಕೇಳುತ್ತಿರಲಿಲ್ಲ. ನಾನೋ, ಹುಟ್ಟಾ ಕುತೂಹಲದವನು. ಒಂದು ದಿನ ಬಾಯಿಗೆ ಬಂದೇಬಿಟ್ಟಿತು. "ಮಾವಾ, ಅತ್ತಿ ಭಾಳ ನೆನಪಾಗ್ತಾಳೇನು?"

"ಒಂದ್ ತಂಬಿಗಿ ನೀರು ತಾ" ಅಂದ.

ತಂದುಕೊಟ್ಟೆ. ನಿಧಾನಕ್ಕೆ ಕುಡಿದು ತಂಬಿಗೆ ಕೆಳಗಿಟ್ಟ. ಹಾಲು ಇಳಿಯಿತು, ಇನ್ನು ಉತ್ತರ ಬರುವುದಿಲ್ಲವೆಂದುಕೊಂಡೆ. ಮಾವ ತನ್ನ ಖಾಲಿ ಅಂಗೈಯನ್ನು ಬಿಡಿಸಿ ನೋಡಿಕೊಂಡ.

"ಆಕಿ ಬೆಲ್ಲ ಮರೀತಿದ್ದಿಲ್ಲ" ಅಂದ.

ಬೆಲ್ಲ ತರುತ್ತೇನೆಂದು ನಾನು ಎದ್ದು ಒಳಗೆ ಹೋದೆ. ಡಬ್ಬಿ ಕಣ್ಣೆದುರಿಗೇ ಇತ್ತು. ಅಳು ನಿಲ್ಲಿಸಿಕೊಂಡು ಹೊರಗೆ ಬರಲು ಮಾತ್ರ ಬಹಳ ಹೊತ್ತು ಹಿಡಿಯಿತು.