ಸೋಪಿನ ಡಬ್ಬಿಯಿಂದ ಬಂದ ‘ಹ್ಞೂಂ’

ಕಂಪ್ಯೂಟರಿನಲ್ಲಿ ಮಾತಾಡಿದರೆ ಹೆಂಡತಿಯ ದನಿ ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಕೇಳುತ್ತದೆ ಎಂಬುದು ರೇಡಿಯೋ ಮೇಷ್ಟ್ರ ದೂರು. (ಪಾಠ ಹೇಳಿದವರಲ್ಲ, ಕೆಟ್ಟ ರೇಡಿಯೋಗಳನ್ನು ಬೈದು ಬೈದು ದಾರಿಗೆ ತಂದಿದ್ದಕ್ಕೆ ಓಣಿಯವರು ಕೊಟ್ಟ ಬಿರುದು.) ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಕಾಲದಲ್ಲಿ ಮೇಷ್ಟ್ರು ಬೇಡದ ಬಿಡಿಭಾಗಗಳನ್ನೆಲ್ಲ ತರಿಸುವ ನೆಪದಲ್ಲಿ ಪರವೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಗುವವರೆಗೆ ಕಾಯುತ್ತಾ ಆ ದನಿ ಕೇಳುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ತನ್ನನ್ನು ಮದುವೆಯಾಗುತ್ತೀರಾ ಎಂದಾಗ, ಗೊರಗೊರ ಸದ್ದಿನ ನಡುವೆ ‘ಹ್ಞೂಂ’ ಎಂದು ಬಂದಿತ್ತು. ಆಹಾ, ಆ ಹ್ಞೂಂ! ಅದನ್ನು ಇನ್ನೊಮ್ಮೆ ಕೇಳಿಯೇ ಕಣ್ಣು ಮುಚ್ಚಬೇಕೆಂಬುದು ಮೇಷ್ಟ್ರ ಪರಮ ಮಹತ್ವಾಕಾಂಕ್ಷೆ.

ಎಕ್ಸ್‌ಚೇಂಜ್ ಮುಚ್ಚಿದಾಗ ಆಕೆ ತನ್ನ ಹೆಡ್‌ಸೆಟ್ಟನ್ನು ಮನೆಗೆ ತಂದು, ಬೀರುವಿನಲ್ಲಿ ಒಡವೆಗಳ ಪಕ್ಕ ಇಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಜೋಡಿಸುತ್ತೇನೆಂದು ಮೇಷ್ಟ್ರು ಹೊರಟಾಗ ಆಕೆ ಹಾಕಿದ್ದು ಒಂದೇ ಷರತ್ತು: ಸುಟ್ಟರೆ, ಇನ್ನು ಮೇಲೆ ಅಡುಗೆಮನೆ ಮೇಷ್ಟ್ರ ಪಾಲಿಗೆ.

ಹಳೆಯ ಮೈಕು ಬ್ಯಾಟರಿಯಿಲ್ಲದೆ ಬಾಯಿ ಬಿಡುವುದಿಲ್ಲ. ಕರೆಂಟು ಜಾಸ್ತಿ ಕೊಟ್ಟರೆ ಮತ್ತೆಂದೂ ಬಾಯಿ ಬಿಡುವುದಿಲ್ಲ. ಮೊಬೈಲ್ ಚಾರ್ಜರ್ ಸಿಕ್ಕಿಸಿ ಮುಗಿಸಿ ಎಂದ ಅಳಿಯನನ್ನು ಮೇಷ್ಟ್ರು ಕೊಲೆಗಾರನಂತೆ ನೋಡಿದರು. ಸೋಪಿನ ಡಬ್ಬಿಯೊಳಗೆ ಎರಡು ಸಣ್ಣ ಸೆಲ್, ಕರೆಂಟಿಗೆ ಲಗಾಮು ಹಾಕಲು ರೆಸಿಸ್ಟರ್, ಅದು ಕಂಪ್ಯೂಟರಿಗೆ ನುಗ್ಗದಂತೆ ಬಾಗಿಲು ಕಾಯಲು ಕೆಪಾಸಿಟರ್ ಕೂರಿಸಿದರು. ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ ಹರೆಯವೇ ಮರಳಿದಂತಾಗಿ ಕಣ್ಣು ತೇವವಾಯಿತು.

ಆಕೆ ಕೋಣೆಯಲ್ಲಿ ಹೆಡ್‌ಸೆಟ್ ತೊಟ್ಟು ಕೂತರು. ಮೇಷ್ಟ್ರು ವರಾಂಡದಲ್ಲಿ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಅವತ್ತಿನ ಪ್ರಶ್ನೆಯನ್ನೇ ಕೇಳಿದರು.

ಹ್ಞೂಂ ಬಂತು. ಸ್ಪಷ್ಟವಾಗಿ, ಗಟ್ಟಿಯಾಗಿ ಬಂತು. ಆದರೆ ಅದಲ್ಲ.

ರೆಸಿಸ್ಟರ್ ಬದಲಾಯಿಸಿದರು. ಅದಲ್ಲ. ತಂತಿ ಬದಲಾಯಿಸಿದರು. ಅದೂ ಅಲ್ಲ. ಕೊನೆಗೆ ಬ್ಯಾಟರಿಯೇ ಸಾಲದೆಂದು ತೀರ್ಮಾನಿಸಿ, ಎಚ್ಚರವನ್ನೆಲ್ಲ ಗಾಳಿಗೆ ತೂರಿ, ಟಾರ್ಚು, ಗೋಡೆ ಗಡಿಯಾರಗಳ ಸೆಲ್ಲುಗಳನ್ನೆಲ್ಲ ಕಿತ್ತು ತಂದರು.

ಆಕೆ ಸೋಪಿನ ಡಬ್ಬಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

“ಇದನ್ನ ಸುಡಬೇಡಿ ರೀ. ಅವತ್ತು ನನಗೆ ರಜೆ. ಹ್ಞೂಂ ಅಂದಿದ್ದು ಪಕ್ಕದ ಸೀಟಿನ ಅಕ್ಕ, ತಮಾಷೆಗೆ.”

ಮೇಷ್ಟ್ರ ಕೈಯಿಂದ ಸೆಲ್ಲುಗಳು ಉರುಳಿದವು. “ಮತ್ತೆ ನೀನು?”

“ಮಾರನೇ ದಿನ ಬಂದ್ರೆ ಇಡೀ ಎಕ್ಸ್‌ಚೇಂಜೇ ಸಂಭ್ರಮದಲ್ಲಿತ್ತು. ಇಲ್ಲ ಅನ್ನೋಕೆ ಸಂಕೋಚ ಆಯ್ತು.”

ಇಷ್ಟು ವರ್ಷದ ಸಂಸಾರ ಬರೀ ಸಂಕೋಚದ ಮೇಲೆ ನಿಂತಿತ್ತೆಂದು ತಿಳಿದು ಮೇಷ್ಟ್ರಿಗೆ ಅಳು ಬಂತು; ಹೆಡ್‌ಸೆಟ್ ತೊಟ್ಟ ಆ ಮುಖ ನೋಡಿ ಪ್ರೀತಿಯೂ ಉಕ್ಕಿತು. ವರಾಂಡಕ್ಕೆ ಓಡಿ ಮತ್ತೆ ಫೋನ್ ಮಾಡಿದರು. ಈ ಸಲವಾದರೂ ನೀನೇ ಹೇಳು ಎಂದು ಬೇಡಿಕೊಂಡರು.

ಎಕ್ಸ್‌ಚೇಂಜಿನ ಅದೇ ಹಳೆಯ, ಇಂಪಾದ ದನಿ ಬಂತು.

“ಲೈನ್ ಖಾಲಿ ಇಲ್ಲ ಸಾರ್. ಬುಕ್ ಮಾಡ್ಕೊಂಡಿದೀನಿ, ಕಾಯ್ತಾ ಇರಿ.”